ನಿಲ್ಲಲು ಕಲಿಸಿದ ಬೇವೂರಕ್ಕ

ಬೇವೂರಕ್ಕ ಯಾರನ್ನೇ ಕಂಡರೂ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದಳು. ಹುಲಿಗೆಮ್ಮನ ಗುಡಿಗೆ ಹೋಗುವ ಹುಲಿಗಿಯ ದಾರಿಯಲ್ಲಿ ಜನ ಇನ್ನೂ ದೂರದಲ್ಲಿ ಬರುತ್ತಿರುವಾಗಲೇ, "ಅಗಾ ಬಂತು ನೋಡು, ಎಡಗಾಲಿಗೆ ಮುಳ್ಳು ಚುಚ್ಚಿದ್ದು. ಅದರ ಹಿಂದ ಬಂತು, ಗಂಡನ ಕೂಡ ಜಗಳಾಡಿದ್ದು" ಎನ್ನುತ್ತಿದ್ದಳು. ಮುಳ್ಳಿನ ಮಾತು ಸರಿ, ಜಗಳದ್ದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಹಿಮ್ಮಡ ಕುಟ್ಟಿಕೋತ ನಡ್ಯಾಕತ್ತೈತಲ್ಲ, ಕಾಣಂಗಿಲ್ಲೇನ?" ಎಂದು ನಗುತ್ತಿದ್ದಳು.

ಹೋದ ವಾರ ಬೇವೂರಿನ ಕಡೆಯಿಂದ ಬಂದ ನೆಂಟರೊಬ್ಬರು ಆಕೆ ತೀರಿಕೊಂಡ ಸುದ್ದಿ ಹೇಳಿದರು. ಮಧ್ಯಾಹ್ನ ಉಂಡು, ಅಂಗಳದಲ್ಲಿ ನಿಂತು ಯಾರಿಗೋ ಏನೋ ಹೇಳಿ ನಗಿಸಿ, ಒಳಗೆ ಹೋಗಿ ಮಲಗಿದವಳು ಏಳಲಿಲ್ಲವಂತೆ. ಹಾಸಿಗೆ ಹಿಡಿದು ನರಳಲಿಲ್ಲ, ಒಬ್ಬರ ಕೈಲಿ ಮಾಡಿಸಿಕೊಳ್ಳಲಿಲ್ಲ. ತಾಯಿ ಹುಲಿಗೆಮ್ಮ ಆಕೆಯನ್ನು ಅಷ್ಟು ಚೆನ್ನಾಗಿ ಕರೆದುಕೊಂಡಳಲ್ಲ ಎಂದು ದೇವರ ಮುಂದೆ ಒಂದು ದೀಪ ಹಚ್ಚಿದೆ. ದೀಪ ಹಚ್ಚಿದ ಮೇಲೆ ನೆನಪಾಯಿತು, ಆಕೆಯ ಸ್ವಂತ ಹೆಸರು ನನಗೆ ಗೊತ್ತೇ ಇಲ್ಲ. ಬೇವೂರಿನವಳು ಎಂದು ಎಲ್ಲರೂ ಬೇವೂರಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಒಂದು ತಿಂಗಳು ಒಂದೇ ಚಪ್ಪರದ ಕೆಳಗೆ ಆಕೆಯ ಪಕ್ಕ ನಿಂತಿದ್ದೆ. ನಿಂತುಕೊಳ್ಳುವುದನ್ನು ನಾನು ಕಲಿತದ್ದು ಆಗ.

ನಿಲ್ಲುವುದನ್ನು ಕಲಿಯುವುದೇನು, ಮಗು ವರ್ಷದೊಳಗೆ ಕಲಿಯುತ್ತದೆ ಎಂದು ನೀವು ನಗಬಹುದು. ನಾನೂ ಹಾಗೆಯೇ ತಿಳಿದಿದ್ದೆ.

ನನಗೆ ಮದುವೆಯಾಗಿ ಎರಡನೆಯ ವರ್ಷ. ಕೊಪ್ಪಳದ ಮಗಳು ನಾನು, ಗಂಗಾವತಿಯ ವ್ಯಾಪಾರದವರ ಮನೆಗೆ ಸೊಸೆಯಾಗಿ ಬಂದಿದ್ದೆ. ಆ ಚಳಿಗಾಲದಲ್ಲಿ ನಮ್ಮವರಿಗೆ ಜ್ವರ ಹತ್ತಿತು. ನಲವತ್ತು ದಿನ ಬಿಡಲಿಲ್ಲ. ಹಕೀಮರು ಬಂದರು, ಪಂಡಿತರು ಬಂದರು, ಇಬ್ಬರೂ ಗಂಜಿ ಕೊಡಿ ಎಂದು ಹೇಳಿ ಹೋದರು. ಒಂದು ದಿನ ಅತ್ತೆಯವರು ತಲೆಬಾಗಿಲಲ್ಲಿ ನಿಂತು ಹುಲಿಗಿಯ ದಿಕ್ಕಿಗೆ ಸೆರಗೊಡ್ಡಿದರು. "ಯವ್ವಾ ಹುಲಿಗೆಮ್ಮ, ನನ್ನ ಮಗ ಎದ್ದು ತನ್ನ ಕಾಲ ಮ್ಯಾಲೆ ನಿಂತ್ರ, ನನ್ನ ಸೊಸಿ ಒಂದು ತಿಂಗಳು ನಿಂತು ನಿನ್ನ ಭಕ್ತರಿಗೆ ನೀರ ಹಾಕ್ತಾಳ" ಎಂದರು. ತಾವೇ ನಿಲ್ಲುತ್ತೇನೆ ಎನ್ನಬೇಕೆಂದಿದ್ದರಂತೆ, ಮೊಣಕಾಲು ನೋವು ನೆನಪಾಗಿ ನನ್ನ ಹೆಸರು ಹೇಳಿದರಂತೆ. ನನಗೆ ಅದರಲ್ಲಿ ಬೇಸರವಿರಲಿಲ್ಲ. ಮರುದಿನ ಜ್ವರ ಇಳಿಯಿತು. ಆದರೆ ಕಾಲಿನಲ್ಲಿ ಬಲವಿರಲಿಲ್ಲ. ಗೋಡೆ ಹಿಡಿದು, ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಬೆವರುತ್ತಿದ್ದರು. ನಾನು ಹರಕೆ ಸರಿಯಾಗಿ ತೀರಿಸಿದರೆ ಆ ಕೋಲು ಬಿಡುತ್ತದೆ, ತಪ್ಪಿದರೆ ಜ್ವರ ಮರಳುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಾನು ನಂಬಿದ್ದೆ.

ಚೈತ್ರದ ದವನದ ಹುಣ್ಣಿಮೆಯಿಂದ ವೈಶಾಖದ ಆಗಿ ಹುಣ್ಣಿಮೆಯವರೆಗೆ ಎಂದು ನಿಶ್ಚಯವಾಯಿತು. ಸುಡು ಬೇಸಿಗೆ. ರೈಲು ಸ್ಟೇಷನ್ನಿನಿಂದ ಗುಡಿಗೆ ನಡೆದು ಬರುವ ದಾರಿಯಲ್ಲಿ ಬೇವೂರಕ್ಕ ಪ್ರತಿ ಬೇಸಿಗೆ ಅರವಟ್ಟಿಗೆ ಇಡುತ್ತಿದ್ದಳು. ನಾಲ್ಕು ಗೂಟ, ಮೇಲೆ ಬೇವಿನ ಸೊಪ್ಪಿನ ಚಪ್ಪರ, ಸಾಲಾಗಿ ಆರು ದೊಡ್ಡ ಮಣ್ಣಿನ ಹರವಿ, ನಾವು ನಿಲ್ಲಲು ಒಂದು ಕಲ್ಲು ಚಪ್ಪಡಿ, ಇಷ್ಟೇ. ಬಂದವರು ಬೊಗಸೆ ಒಡ್ಡುತ್ತಾರೆ, ನಾವು ತಂಬಿಗೆಯಿಂದ ನೀರು ಬಿಡುತ್ತೇವೆ. ಯಾರು, ಯಾವ ಊರು, ಯಾವ ಮನೆ ಎಂದು ಕೇಳಬಾರದೆಂಬುದು ಬೇವೂರಕ್ಕನ ಕಟ್ಟುನಿಟ್ಟು. ಅತ್ತೆಯವರು ನನ್ನನ್ನು ಆಕೆಗೆ ಒಪ್ಪಿಸಿ, ತಮ್ಮ ತವರಿನ ಕಡೆಯವರ ಮನೆಯ ಹೊರಕೋಣೆಯಲ್ಲಿ ನಮ್ಮಿಬ್ಬರಿಗೂ ಇರಲು ಗೊತ್ತುಮಾಡಿ, ಎತ್ತಿನ ಗಾಡಿ ಹತ್ತಿ ಗಂಗಾವತಿಗೆ ಹೋದರು.

ಹೋಗುವಾಗ ಒಂದು ಮಾತು ಹೇಳಿದರು. "ನಿಂತಲ್ಲೇ ನಿಲ್ಲು. ಹರಕಿಗೆ ನಿಂತೀ ಅನ್ನೂದು ಮರೀಬ್ಯಾಡ."

ಆ ಮಾತನ್ನು ನಾನು ಗಂಟು ಕಟ್ಟಿಕೊಂಡೆ. ಸೂರ್ಯ ಮೂಡುವಾಗ ಚಪ್ಪಡಿಯ ಮೇಲೆ ಎರಡು ಹೆಜ್ಜೆ ಜೋಡಿಸಿ ಇಟ್ಟವಳು ಕೀಳಲಿಲ್ಲ. ಮೊಣಕಾಲು ಬಿಗಿ ಹಿಡಿದೆ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುವುದು ಕೂಡ ದೇವಿಗೆ ಮೋಸ ಎಂದುಕೊಂಡೆ. ಊರಿಗೆಲ್ಲ ನೀರು ಹಾಕುತ್ತ ನಾನು ಮಾತ್ರ ಮಧ್ಯಾಹ್ನದವರೆಗೆ ಗುಟುಕು ಕುಡಿಯಲಿಲ್ಲ. ಮೊದಲ ದಿನ ಹೇಗೋ ಕಳೆಯಿತು. ಎರಡನೆಯ ದಿನ ಕಲ್ಲು ಕಾದು ಅಂಗಾಲು ಸುಟ್ಟಿತು. ಮೂರನೆಯ ದಿನ ಪಾದ ಎಷ್ಟು ಬಾತಿತ್ತೆಂದರೆ ಕಾಲುಂಗುರ ಬೆರಳಿನಲ್ಲಿ ಹೂತುಹೋಗಿದ್ದವು. ಇಳಿಹೊತ್ತಿನಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿ ಹರವಿಯ ಮೇಲೆ ವಾಲಿದೆ. ಹರವಿ ಒಡೆಯಲಿಲ್ಲ, ಅದು ಆ ದಿನದ ಪುಣ್ಯ.

ಬೇವೂರಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಮೂರು ದಿನ ಏನೂ ಹೇಳದೆ ನೋಡಿದ್ದಳು.

"ಏನವ್ವಾ, ನೀ ಏನ್ ಗುಡಿ ಕಂಬ ಆಗೀಯೇನ?"

"ಹರಕಿ ಐತ್ರಿ, ಅಕ್ಕಾ. ನಿಂತು ನೀರು ಹಾಕಬೇಕು."

"ನಿಂತು ಹಾಕಂತ ಅಂದಾರ. ಸತ್ತು ಹಾಕಂತ ಅಂದಿಲ್ಲಲ್ಲ?"

ನನಗೆ ಅಳು ಬಂತು. "ನಾ ಬಿದ್ರ ನಮ್ಮ ಮನಿಯವ್ರು ಮತ್ತ ಹಾಸಿಗಿ ಹಿಡೀತಾರ" ಎಂದು ಬಿಕ್ಕಿದೆ. ಆಗ ಆಕೆಯ ನಗು ನಿಂತಿತು. ನನ್ನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು.

"ಹಂಗಾರ ಬೀಳಬ್ಯಾಡ. ಬೀಳದಂಗ ನಿಂದ್ರೂದು ನಾ ಹೇಳಿಕೊಡ್ತೀನಿ."

ಆ ಸಂಜೆ ಕೋಣೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ನನ್ನ ಕಾಲು ಅದರಲ್ಲಿ ಇಡಿಸಿದಳು. ಆಮೇಲೆ ಅಂಗಾತ ಮಲಗಿಸಿ, ಗೋಡೆಗೆ ಜೋಳದ ಚೀಲ ಒರಗಿಸಿ, "ಕಾಲು ಅದರ ಮ್ಯಾಲೆ ಇಡು. ತಲಿಗಿಂತ ಎತ್ತರ ಇರಲಿ. ಕೆಳಗ ಇಳಿದದ್ದೆಲ್ಲ ವಾಪಸ್ ಬರಬೇಕು" ಎಂದಳು. ನಾನು ಕಾಲು ಎತ್ತಿದವಳು ಥಟ್ಟನೆ ಇಳಿಸಿದೆ.

"ಯಾಕ?"

"ಆ ಗ್ವಾಡಿ ಕಡೆ ಗುಡಿ ಐತ್ರಿ."

ಬೇವೂರಕ್ಕ ಹಣೆ ಚಚ್ಚಿಕೊಂಡಳು. ಆದರೂ ಎದ್ದು, ಆ ಭಾರದ ಚೀಲವನ್ನು ದರದರ ಎಳೆದು ಎದುರು ಗೋಡೆಗೆ ಒರಗಿಸಿದಳು. "ಹೂಂ, ಈ ಕಡೆ ಬರೇ ಎಮ್ಮಿ ಕಟ್ಟೂ ಜಾಗ ಐತಿ. ಅದೇನೂ ಸಿಟ್ಟಾಗಂಗಿಲ್ಲ, ಇಡು" ಎಂದಳು. ಅಳುತ್ತಿದ್ದವಳು ನಕ್ಕುಬಿಟ್ಟೆ. ಅರ್ಧ ತಾಸಿನಲ್ಲಿ ಕಾಲೊಳಗಿನ ಉರಿ ಇಳಿಯಿತು.

ಮಾರನೆಯ ದಿನದಿಂದ ಪಾಠ. ಗೋಣಿ ತಟ್ಟನ್ನು ಗುಡಿಯ ಪಕ್ಕದ ಹೊಳೆಯಲ್ಲಿ ಅದ್ದಿ ಹಿಂಡಿ, ನಾಲ್ಕು ಮಡಿಕೆ ಮಾಡಿ ಚಪ್ಪಡಿಯ ಮೇಲೆ ಹಾಸಿದಳು. ಹೊಳೆಯ ದಂಡೆಯಿಂದ ಮೊಣಕಾಲೆತ್ತರಕ್ಕೂ ಬಾರದ, ಗೇಣೆತ್ತರದ ಒಂದು ಚಪ್ಪಟೆ ಕಲ್ಲು ತಂದು ನನ್ನ ಮುಂದೆ ಇಟ್ಟಳು. ಒಂದು ಕಾಲು ಕಲ್ಲಿನ ಮೇಲೆ, ಒಂದು ಕೆಳಗೆ. ಹತ್ತು ಬೊಗಸೆ ಆದ ಮೇಲೆ ಕಾಲು ಬದಲು. ಮೊಣಕಾಲು ಬಿಗಿ ಬೇಡ, ಕೂಸು ಎತ್ತಿಕೊಂಡವರ ಹಾಗೆ ಸಡಿಲ ಇರಲಿ. ತಂಬಿಗೆ ಅದ್ದುವಾಗ ಸೊಂಟ ಬಗ್ಗಿಸುವ ಬದಲು ಒಂದು ಹೆಜ್ಜೆ ಮುಂದೆ ಹೋಗು. ಯಾರೂ ಇಲ್ಲದಾಗ ಹಿಮ್ಮಡಿ ಎತ್ತು, ಇಳಿಸು.

"ಮತ್ತ ಮೊದಲನೇ ಬೊಗಸಿ ನಿಂದು" ಎಂದು ನನ್ನ ಕೈಗೇ ನೀರು ಬಿಟ್ಟಳು. "ಒಣಗಿದ ಹರವಿ ಯಾರಿಗೆ ನೀರ ಕೊಡತೈತಿ? ಕುಡಿ."

ಇದನ್ನೆಲ್ಲ ಆಕೆ ಕಲಿತದ್ದು ಬೇವೂರಿನ ಕಣದಲ್ಲಿ. ಮಳೆ ನೆಚ್ಚಿದ ಹೊಲ ಅವರದು. ಜೋಳದ ರಾಶಿ ತೂರುವಾಗ ಎತ್ತರದ ಮೂರು ಕಾಲಿನ ಮಣೆಯ ಮೇಲೆ ಹತ್ತಿ, ಮೊರ ಎತ್ತಿ ಹಿಡಿದು, ಗಾಳಿಗಾಗಿ ಕಾಯಬೇಕು. ಗಾಳಿ ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. "ಕಾಲು ಬಿಗಿ ಮಾಡಿದ್ರ ಮಣಿ ಮ್ಯಾಲಿಂದ ಸೀದಾ ರಾಶಿಯಾಗ ಬೀಳ್ತೀ. ನಾ ಬಿದ್ದೀನಿ, ಎರಡು ಸಲ. ನಮ್ಮ ಅತ್ತಿ ಮೊದಲ ಜೋಳ ಚೆಲ್ಲ್ಯಾವೇನಂತ ನೋಡಿ, ಆಮ್ಯಾಲೆ ನನ್ನ ನೋಡಿದ್ಲು" ಎಂದು ಹೇಳಿ ತಾನೇ ಮೊದಲು ನಗುತ್ತಿದ್ದಳು. ಆಕೆಯ ನಗು ಕೇಳಿ ನೀರು ಕುಡಿಯುತ್ತಿದ್ದವರಿಗೂ ನಗು ಬಂದು ಕೆಮ್ಮು ಹತ್ತುತ್ತಿತ್ತು.

ದಿನಗಳು ಹಗುರವಾದವು. ಹೊಳೆಯ ಕಡೆಯಿಂದ ತಂಪು ಗಾಳಿ ಬಂದರೆ ಒಂದು ಎಣಿಸುತ್ತಿದ್ದೆ. ಮೋಡದ ನೆರಳು ಬಿದ್ದರೆ ಎರಡು. ಹೂ ಮಾರುವವಳು ಉಳಿದ ದವನದ ಎಸಳು ಕೊಟ್ಟು ಹೋದರೆ ಮೂರು. ಇಷ್ಟು ಕೊಟ್ಟಿದ್ದಾಳಲ್ಲ ತಾಯಿ ಎನ್ನಿಸುತ್ತಿತ್ತು. ಕಾಲು ಉರಿಯುತ್ತಿದ್ದ ಮೂರು ದಿನವೂ ಅವೆಲ್ಲ ಇದ್ದವು, ನನಗೆ ಕಂಡಿರಲಿಲ್ಲ.

ಜವಾನನ ಕಥೆ ಹೇಳಲೇಬೇಕು. ಮಂಗಳವಾರ, ಶುಕ್ರವಾರ ಜನ ಹೆಚ್ಚು. ಬಂದೋಬಸ್ತಿಗೆಂದು ನಿಜಾಮ ಸರ್ಕಾರದ ಪೊಲೀಸ್ ಜವಾನನೊಬ್ಬನನ್ನು ನಮ್ಮ ಚಪ್ಪರದ ಎದುರಿಗೆ ನಿಲ್ಲಿಸುತ್ತಿದ್ದರು. ಸಣ್ಣ ವಯಸ್ಸು, ಹೊಸ ಮೀಸೆ. ಕಾಲಿಗೆ ದಪ್ಪ ಬೂಟು, ಮೊಣಕಾಲ ಕೆಳಗಿನಿಂದ ಸುತ್ತಿದ ಪಟ್ಟಿ. ಒಂದು ಶುಕ್ರವಾರ ಬಿಸಿಲೇರಿದಂತೆ ಅವನ ಮುಖ ಸುಣ್ಣವಾಯಿತು. ಬೇವೂರಕ್ಕ ತಂಬಿಗೆ ಹಿಡಿದುಕೊಂಡೇ ಹೋದಳು.

"ಏ ತಮ್ಮಾ, ಮಣಕಾಲ ಕೆಳಗ ಹಿಂಗ ಬಿಗದು ಕಟ್ಟೀಯಲ್ಲ, ರಕ್ತ ಮ್ಯಾಲೆ ಬರೂದು ಹ್ಯಾಂಗ? ಅಲ್ಲೇ ಜೈಲಿಗೆ ಹಾಕೀಯೇನ?"

"ಅವಸರದಾಗ ಉಲ್ಟಾ ಸುತ್ತೀನಿ, ಅಮ್ಮಾ. ಕೆಳಗಿಂದ ಮ್ಯಾಲೆ ಸುತ್ತಬೇಕಿತ್ತು. ಈಗ ಬಿಚ್ಚಾಕ ಬರಂಗಿಲ್ಲ. ಹುಕುಂ ಐತಿ, ಅಲ್ಲಾಡಬಾರದು."

"ಬೂಟಿನೊಳಗ ಬೆರಳ ಅಲ್ಲಾಡಿಸಿದ್ರ ಯಾವ ಸಾಹೇಬ ನೋಡ್ತಾನ?"

ಜವಾನನ ಮುಖ ನೆಟ್ಟಗೇ ಇತ್ತು, ಕೈ ನೆಟ್ಟಗೇ ಇತ್ತು, ಬೂಟಿನ ತುದಿ ಮಾತ್ರ ಸಣ್ಣಗೆ ಉಬ್ಬಿ ಇಳಿಯತೊಡಗಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಅವನ ಮುಖಕ್ಕೆ ಬಣ್ಣ ಬಂತು. ಬಿಡುವಿನಲ್ಲಿ ಚಪ್ಪರಕ್ಕೆ ಬಂದು ಪಟ್ಟಿ ಬಿಚ್ಚಿ, ಪಾದದಿಂದ ಮೇಲಕ್ಕೆ ಸುತ್ತುತ್ತ, "ನಮ್ಮ ಉಸ್ತಾದ ಹೇಳಿದ್ದು ಹಿಂಗ. ಕೆಳಗ ಬಿಗಿ, ಮ್ಯಾಲೆ ಬಂದಂಗ ಸಡಿಲ. ಹಿಂಗ ಸುತ್ತಿದ್ರ ಇಡೀ ದಿನ ನಿಂದ್ರಬಹುದು" ಎಂದ.

ಬೇವೂರಕ್ಕ ಬಿಟ್ಟ ಬಾಯಿ ಮುಚ್ಚದೆ ನೋಡಿದಳು. "ನೋಡವ್ವಾ, ಇಷ್ಟು ವರ್ಷ ನಿಂತೀನಿ, ಇದು ಗೊತ್ತಿರಲಿಲ್ಲ!" ಅಂದೇ ಸಂಜೆ ತನ್ನ ಹಳೆಯ ಸೀರೆ ಹರಿದು ಇಬ್ಬರಿಗೂ ಪಟ್ಟಿ ಮಾಡಿದಳು. ಯಾರಿಂದ ಕಲಿತೆ ಎಂಬ ಸಂಕೋಚ ಆಕೆಗಿರಲಿಲ್ಲ. ಸೀರೆಯ ಒಳಗೆ ಪಟ್ಟಿ ಸುತ್ತಿಕೊಂಡು ನಿಂತರೆ ಕಾಲನ್ನು ಯಾರೋ ಎರಡು ಕೈಯಲ್ಲಿ ಹಿಡಿದುಕೊಂಡ ಹಾಗಿರುತ್ತಿತ್ತು. ಆ ಜವಾನ ಮುಂದೆ ಬಂದಾಗಲೆಲ್ಲ ದೂರದಿಂದಲೇ, "ಅಮ್ಮಾ, ಸಲಾಂ! ಬೆರಳು ಡ್ಯೂಟಿ ಮಾಡಾಕತ್ತಾವು!" ಎನ್ನುತ್ತಿದ್ದ.

ಹರಕೆಗೆ ಇನ್ನು ಆರು ದಿನ ಉಳಿದಿತ್ತು. ಒಂದು ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಅತ್ತೆಯವರು ಗಾಡಿಯಿಂದ ಇಳಿದರು. ನಾನು ಒಂದು ಕಾಲು ಕಲ್ಲಿನ ಮೇಲಿಟ್ಟು, ಒದ್ದೆ ಗೋಣಿಯ ಮೇಲೆ ನಿಂತು, ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದೆ. ಅವರು ಮೇಲಿನಿಂದ ಕೆಳಗೆ ನೋಡಿದರು. ಪಟ್ಟಿಯ ಅಂಚೂ ಕಂಡಿತು.

"ಇದನ್ನ ಹರಕಿ ಅಂತಾರೋ, ಅರಮನಿ ಅಂತಾರೋ?"

ಮಗನ ಕೋಲು ಇನ್ನೂ ಬಿಟ್ಟಿಲ್ಲ, ಯಾಕೆಂದು ಈಗ ತಿಳಿಯಿತು ಎಂದರು ಅವರು. ನನ್ನ ಕಾಲಿನ ಸುಖಕ್ಕೆ ನಮ್ಮವರ ಕಾಲಿನ ಬಲ ಹೋಯಿತೇನೋ ಎಂದು ಗೋಣಿಯಿಂದ ಇಳಿದು ಬರಿಗಲ್ಲಿನ ಮೇಲೆ ನಿಂತೆ.

ಬೇವೂರಕ್ಕ ಮಾತ್ರ ಬೊಗಸೆ ತುಂಬಿಸುತ್ತಲೇ ಇದ್ದಳು. "ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ. ಮೊದಲ ನೀರ ಕುಡೀರಿ."

"ನೀರ ಇರಲಿ. ನಿಮ್ಮ ಮ್ಯಾಲೆ ನಂಬಿಕಿ ಇಟ್ಟು ಬಿಟ್ಟು ಹೋಗಿದ್ದೆ, ಬೇವೂರಕ್ಕ. ಕಾಲಿಗೆ ಕೆರ ಹಾಕ್ಕೊಂಡು ಸೇವಾ ಮಾಡ್ತಾರೇನು? ಗೋಣಿ ಹಾಸಿದ್ರೂ ಒಂದ, ಕೆರ ಹಾಕಿದ್ರೂ ಒಂದ."

"ದೇವರ ಮುಂದ ಪೂಜಿಗೆ ಕುಂದ್ರೂವಾಗ ನೀವು ಕೆಳಗ ಕಟ್ಟಿಗಿ ಮಣಿ ಹಾಕ್ಕೊಳ್ಳಂಗಿಲ್ಲೇನ್ರಿ?"

"ಅದು ಮಡಿ!"

"ಇದೂ ಮಡಿನ. ದಿನಾ ಮುಂಜಾನೆ ಹೊಳಿಯಾಗ ಅದ್ದಿ ಹಿಂಡ್ತೀನಿ. ನಿಮ್ಮ ಮಣಿ ಹೊಳಿ ಕಂಡೈತೇನು?"

ಅತ್ತೆಯವರಿಗೆ ಸಿಟ್ಟು ಹೆಚ್ಚಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡು, "ಸರಿ. ಹರಕಿಗೆ ಹ್ಯಾಂಗ ನಿಂದ್ರಬೇಕು, ನಾ ತೋರಿಸ್ತೀನಿ" ಎಂದು ಬರಿಗಲ್ಲಿನ ಮೇಲೆ ನಿಂತರು. ನೆಟ್ಟಗೆ, ನಾನು ಮೊದಲ ದಿನ ನಿಂತ ಹಾಗೆಯೇ.

ಅವರ ಮೊಣಕಾಲು ಎಂಥದು ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಗಂಡಸರು ಮೂರು ಪಂಕ್ತಿ ಉಣ್ಣುವವರೆಗೆ ನಿಂತೇ ಬಡಿಸಿ, ಆಮೇಲೆ ಕಂಬ ಹಿಡಿದು ಕೂರುತ್ತಿದ್ದರು. ಒಂದು ತಾಸು ಆಯಿತು. ತುಟಿ ಕಚ್ಚಿಕೊಂಡರು. ಎರಡನೆಯ ತಾಸಿನಲ್ಲಿ ಒಬ್ಬ ಮುದುಕ ಬಂದು ಬೊಗಸೆ ಒಡ್ಡಿದ. ಅತ್ತೆಯವರ ಕೈ ನಡುಗಿ ತಂಬಿಗೆಯ ನೀರೆಲ್ಲ ಅವನ ರುಮಾಲಿನ ಮೇಲೆ ಹೋಯಿತು.

ಮುದುಕ ಮೀಸೆ ಹಿಂಡಿಕೊಂಡು, "ಯವ್ವಾ, ನಾ ಕುಡ್ಯಾಕ ಬಂದೀನಿ. ಜಳಕ ಹೊಳಿಯಾಗ ಆಗೈತಿ" ಎಂದ.

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅತ್ತೆಯವರ ಮುಖ ಸಣ್ಣದಾಯಿತು. ಬೇವೂರಕ್ಕ ನಗಲಿಲ್ಲ. ಆಕೆ ನಗದೆ ಇದ್ದುದನ್ನು ನಾನು ಆ ತಿಂಗಳಲ್ಲಿ ಕಂಡದ್ದು ಎರಡೇ ಸಲ. ಮುದುಕನಿಗೆ ತಾನು ನೀರು ಹಾಕಿ ಕಳಿಸಿ, ಯಾರಿಗೂ ಕೇಳದ ಹಾಗೆ ಹೇಳಿದಳು. "ಅಕ್ಕಾರ, ನಿಮ್ಮ ಕಾಲು ನೋಯೂದು ನಿಮ್ಮ ಕೈಗೆ ಬಂತು. ನೀರ ಚೆಲ್ಲಿತು. ಅವರಿಗೆ ಮುಟ್ಟಲಿಲ್ಲ. ತಾಯಿ ಕೇಳಿದ್ದು ನೀರ ಅಲ್ಲೇನ್ರಿ? ನಮ್ಮ ನೋವು ಇಟಗೊಂಡು ಆಕಿ ಏನ್ ಮಾಡ್ತಾಳ?" ಎಂದು ತನ್ನ ಪಾದದಿಂದಲೇ ಆ ಚಪ್ಪಟೆ ಕಲ್ಲನ್ನು ಅವರ ಕಡೆ ಸರಿಸಿದಳು.

ಅತ್ತೆಯವರು ಗುಡಿಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಬಲಗಾಲು ಎತ್ತಿ ಕಲ್ಲಿನ ಮೇಲೆ ಇಟ್ಟರು. "ಹಾಂ" ಎಂದು ಒಂದು ಉಸಿರು ಬಂತು. ಅಂಥ ಉಸಿರು ನಾನು ಅವರ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ.

"ಇನ್ನೊಂದು ಕಾಲು ಯಾವಾಗ ಇಡೂದು?" ಎಂದು ಕೇಳಿದರು.

"ಹತ್ತು ಬೊಗಸಿ ಆದಮ್ಯಾಲೆ, ಅತ್ತಿ" ಎಂದೆ ನಾನು.

"ನೀ ಎಣಸು" ಎಂದರು.

ಅವರು ಊರಿಗೆ ಹೋಗಲಿಲ್ಲ. ಆರು ದಿನವೂ ಉಳಿದರು. ಹಗಲು ನಾವು ಮೂವರೂ ನಿಲ್ಲುತ್ತಿದ್ದೆವು, ಸಂಜೆ ಮೂವರೂ ಸಾಲಾಗಿ ಮಲಗಿ ಎಮ್ಮೆಯ ಕಡೆಯ ಗೋಡೆಗೆ ಕಾಲು ಎತ್ತಿ ಇಟ್ಟುಕೊಳ್ಳುತ್ತಿದ್ದೆವು. ಅತ್ತೆ ಸೊಸೆ ಹಾಗೆ ಪಕ್ಕಪಕ್ಕದಲ್ಲಿ ಕಾಲೆತ್ತಿ ಮಲಗಿ ಹರಟೆ ಹೊಡೆಯುವುದನ್ನು ಮನೆಯವರು ಕಂಡಿದ್ದರೆ ಏನೆನ್ನುತ್ತಿದ್ದರೋ. ಊರಿಗೆ ಮರಳಿದ ಮೇಲೆ ಅತ್ತೆಯವರು ಊಟದ ಪಡಸಾಲೆಯ ಕಂಬದ ಬುಡದಲ್ಲಿ ಒಂದು ಮಣೆ ಹಾಕಿಸಿದರು. ಬಡಿಸುವವರು ಪಂಕ್ತಿಯ ನಡುವೆ ಬಂದು ಅದರ ಮೇಲೆ ಒಂದು ಕಾಲಿಟ್ಟು ನಿಲ್ಲುವುದು ನಮ್ಮ ಮನೆಯ ಪದ್ಧತಿಯಾಯಿತು. ಇಂದಿಗೂ ಇದೆ. ಹೊಸದಾಗಿ ಬಂದ ಸೊಸೆಯಂದಿರು ಇದು ಯಾವ ದೇವರ ಶಾಸ್ತ್ರ ಎಂದು ಕೇಳುತ್ತಾರೆ.

ಆಗಿ ಹುಣ್ಣಿಮೆಯ ದಿನ ಬಂತು. ಎಷ್ಟು ಜನ! ಮೂವರ ಕೈಗೂ ಬಿಡುವಿಲ್ಲ. ಹೊತ್ತು ಇಳಿಯುವುದಕ್ಕೆ ಸ್ವಲ್ಪ ಮುಂಚೆ ನಾನು ತಲೆ ತಗ್ಗಿಸಿ ಬೊಗಸೆಯಿಂದ ಬೊಗಸೆಗೆ ನೀರು ಬಿಡುತ್ತಿದ್ದೆ. ತಲೆ ತಗ್ಗಿಸಿದವಳಿಗೆ ಬೊಗಸೆಯ ಕೆಳಗೆ ಕಾಣುವುದು ಬಂದವರ ಕಾಲು ಮಾತ್ರ. ಧೂಳಿನ ಕಾಲು, ಒಡೆದ ಕಾಲು, ಗೆಜ್ಜೆಯ ಪುಟ್ಟ ಕಾಲು ಒಂದೊಂದಾಗಿ ಹೋದವು. ಆಮೇಲೆ ಒಂದು ಜೊತೆ ಕಾಲು ಬಂದು ನಿಂತವು. ನಲವತ್ತು ದಿನ ನಾನು ಎಣ್ಣೆ ತಿಕ್ಕಿದ ಕಾಲು. ನಾನು ಪಕ್ಕದಲ್ಲಿ ನೋಡಿದೆ, ಹಿಂದೆ ನೋಡಿದೆ. ಎಲ್ಲಿಯೂ ಕೋಲಿರಲಿಲ್ಲ.

ನಮ್ಮವರು ಗಾಡಿಯನ್ನು ಸ್ಟೇಷನ್ನಿನ ಹತ್ತಿರವೇ ಬಿಟ್ಟು, ಅಲ್ಲಿಂದ ನಡೆದೇ ಬಂದಿದ್ದರಂತೆ. ಅತ್ತೆಯವರ ಮುಂದೆ ಗಂಡನನ್ನು ಮಾತನಾಡಿಸುವ ಕಾಲ ಅದಲ್ಲ. ಅವರು ಬೊಗಸೆ ಒಡ್ಡಿದರು, ನಾನು ನೀರು ಬಿಟ್ಟೆ. ಕುಡಿದರು. ಮತ್ತೆ ಒಡ್ಡಿದರು. ಮತ್ತೆ ಬಿಟ್ಟೆ. ಅತ್ತೆಯವರು ಪಕ್ಕದ ಹರವಿಯ ಬಳಿ ತಂಬಿಗೆ ಹಿಡಿದುಕೊಂಡು ಕಣ್ಣೊರೆಸುತ್ತಿದ್ದರು. ಮೂರನೆಯ ಸಲ, ನಾಲ್ಕನೆಯ ಸಲ. ನನ್ನ ಕೈ ನಡುಗಲಿಲ್ಲ. ಒಂದು ಹನಿ ಚೆಲ್ಲಲಿಲ್ಲ.

ಬೇವೂರಕ್ಕ ನಮ್ಮವರ ಮುಖ ನೋಡಿರಲಿಲ್ಲ, ಹೆಸರು ಕೇಳಿರಲಿಲ್ಲ. ಬಗ್ಗಿ ಕಾಲು ನೋಡಿದಳು, ನನ್ನ ಕಾಲು ನೋಡಿದಳು, ಅಷ್ಟರಲ್ಲಿ ಆಕೆಗೆ ಎಲ್ಲ ತಿಳಿಯಿತು.

"ಸಾಕೋ ಮಾರಾಯಾ!" ಎಂದು ಇಡೀ ದಾರಿಗೆ ಕೇಳುವಂತೆ ಕೂಗಿದಳು. "ಹಿಂದ ಮಂದಿ ಬಾಯಾರಿ ನಿಂತಾರ. ಛಲೋ ನಿಂದ್ರಾಕ ಬಂತಲ್ಲ, ಈಗ ಸ್ವಲ್ಪ ಮುಂದಕ ನಡಿ!"